ಮಕ್ಕಳನ್ನ ಇಎಂಜಿಗೆ ಕಳಿಸೋ ಡಾಕ್ಟರುಗಳೇ, ಚೀಟಿ ಮೇಲೆ ಒಂದು ಪ್ರಶ್ನೆನೂ ಬರೀರಿ

ಮಕ್ಕಳ ಡಾಕ್ಟರುಗಳಿಗೆ, ನ್ಯೂರಾಲಜಿ ರೆಸಿಡೆಂಟುಗಳಿಗೆ, ಎನ್‌ಐಸಿಯು (ಹಸುಗೂಸುಗಳ ಐಸಿಯು) ಡ್ಯೂಟಿಲಿರೋರಿಗೆ, ಹಾಗೇ ದೊಡ್ಡವರ ಇಎಂಜಿ ನೋಡಿ ನೋಡಿ ಕೈ ಪಳಗಿ ಈಗ ಮಕ್ಕಳ ರಿಪೋರ್ಟಿಗೂ ಸಹಿ ಹಾಕೋ ಹಿರಿಯರಿಗೆ, ಎಲ್ಲರಿಗೂ ನಮಸ್ಕಾರ.

ನಾನು ಇಎಂಜಿ ಲ್ಯಾಬಲ್ಲಿ, ಅಂದ್ರೆ ನರ ಮತ್ತೆ ಸ್ನಾಯುವಿನ ವಿದ್ಯುತ್ ಟೆಸ್ಟ್ ಮಾಡೋ ಕಡೆ, ಟೆಕ್ನಿಷಿಯನ್. ಎಲೆಕ್ಟ್ರೋಡ್ ಅಂಟಿಸೋದು, ಟೇಪ್ ಹಿಡಿದು ದೂರ ಅಳೆಯೋದು, ನರಕ್ಕೆ ಸಣ್ಣ ಶಾಕ್ ಕೊಟ್ಟು ಸ್ಕ್ರೀನ್ ಮೇಲೆ ಅಲೆ ಹಿಡಿಯೋದು ನನ್ನ ಕೆಲಸ, ಸೂಜಿ ಹಾಕೋದು ಡಾಕ್ಟರ್ ಕೆಲಸ. ರೋಗ ಏನು ಅಂತ ಹೇಳೋ ಅಧಿಕಾರ ನನಗಿಲ್ಲ, ಹೇಳೋಕೂ ಹೋಗಲ್ಲ. ಆದ್ರೆ ನೀವು ಕಳಿಸೋ ರೆಫರಲ್ ಚೀಟಿನ ಮೊದಲು ಕೈಗೆ ತಗೊಳ್ಳೋದು ನಾನೇ, ಹಾಗಾಗಿ ಆ ಚೀಟಿ ಬಗ್ಗೆ ನಾಲ್ಕು ಮಾತು ಆಡಬಹುದು ಅನ್ಕೊಂಡಿದ್ದೀನಿ.

ಚೀಟಿಲಿ ಏನಿರತ್ತೆ ಗೊತ್ತಾ? "ಇಎಂಜಿ, ಎನ್‌ಸಿಎಸ್, ನಾಲ್ಕೂ ಕೈಕಾಲು." ಅಷ್ಟೆ. (ಎನ್‌ಸಿಎಸ್ ಅಂದ್ರೆ ನರ್ವ್ ಕಂಡಕ್ಷನ್, ನರದ ಟೆಸ್ಟ್.) ಸ್ವಲ್ಪ ಪುಣ್ಯ ಮಾಡಿದ್ರೆ ಪಕ್ಕದಲ್ಲಿ "ಹೈಪೋಟೋನಿಯಾ" (ಮೈ ಸಡಿಲ) ಅಂತಿರತ್ತೆ, ಇಲ್ಲಾಂದ್ರೆ "ರೂಲ್ ಔಟ್ ಎನ್‌ಎಂಡಿ", ಅಂದ್ರೆ ನರ ಸ್ನಾಯುವಿನ ರೋಗ ಇಲ್ಲ ಅಂತ ಖಚಿತ ಮಾಡಿ ಅಂತ. ಮಗುವಿನ ವಯಸ್ಸು ತಿಂಗಳಲ್ಲಿ ಬರೆದಿರಲ್ಲ, ಸಿಕೆ (ಸ್ನಾಯು ಹಾಳಾದಾಗ ರಕ್ತದಲ್ಲಿ ಏರೋ ಎನ್‌ಜೈಮ್) ಎಷ್ಟು ಅಂತ ಇರಲ್ಲ, ರಿಫ್ಲೆಕ್ಸ್ (ಮಂಡಿ ತಟ್ಟಿದ್ರೆ ಕಾಲು ಹಾರೋದು) ಇದ್ಯಾ ಇಲ್ವಾ ಅಂತ ಇರಲ್ಲ, ಯಾವ ರೋಗದ ಅನುಮಾನ ಅನ್ನೋದಂತೂ ಕೇಳಲೇಬೇಡಿ. ಫೋನ್ ಮಾಡಿ ಕೇಳಿದ್ರೆ "ಎಲ್ಲಾ ಮಾಡ್ಬಿಡಿ, ಏನ್ ಸಿಗತ್ತೋ ನೋಡೋಣ" ಅಂತಾರೆ. ಎಲ್ಲಾ ಮಾಡೋಕೆ ಮಗು ಬಿಡಬೇಕಲ್ಲ ಸಾರ್.

ಈ ಪತ್ರನ ಅಪ್ಪ ಅಮ್ಮಂದಿರೂ ಓದ್ತಾರೆ ಅನ್ನೋ ನಂಬಿಕೆ ಇರೋದ್ರಿಂದ ಟೆಸ್ಟ್ ಅಂದ್ರೆ ಏನು ಅಂತ ಚೂರು ಹೇಳಿ ಮುಂದೆ ಹೋಗ್ತೀನಿ. ಇದರಲ್ಲಿ ಎರಡು ಭಾಗ. ಮೊದಲನೇದು ನರ್ವ್ ಕಂಡಕ್ಷನ್: ಚರ್ಮದ ಮೇಲಿಂದ ನರಕ್ಕೆ ಕರೆಂಟಿನ ಸಣ್ಣ ಹೊಡೆತ ಕೊಟ್ಟು ಆ ಸಿಗ್ನಲ್ ಎಷ್ಟು ವೇಗವಾಗಿ, ಎಷ್ಟು ದೊಡ್ಡದಾಗಿ ಆ ಕಡೆ ತಲುಪತ್ತೆ ಅಂತ ನೋಡೋದು. ಎರಡನೇದು ಸೂಜಿ: ತೆಳ್ಳನೆಯ ಸೂಜಿನ ಸ್ನಾಯು ಒಳಗೆ ಇಟ್ಟು ಸ್ನಾಯು ಸುಮ್ನಿದ್ದಾಗ, ಆಮೇಲೆ ಬಿಗಿ ಆದಾಗ, ಹೊರಡೋ ವಿದ್ಯುತ್ತನ್ನ ಕೇಳೋದು. ಆ ಸೂಜಿಲಿ ಔಷಧಿ ಏನೂ ಒಳಗೆ ಹೋಗಲ್ಲ, ಕರೆಂಟೂ ಹೋಗಲ್ಲ, ಅದು ಕೇಳಿಸ್ಕೊಳ್ಳತ್ತೆ ಅಷ್ಟೆ. ಇವೆರಡೂ ಸೇರಿ ಹೇಳಬೇಕಾಗಿರೋದು ತೊಂದರೆ ಎಲ್ಲಿದೆ ಅನ್ನೋದನ್ನ: ಬೆನ್ನುಹುರಿ ಒಳಗಿರೋ, ಸ್ನಾಯು ಆಡಿಸೋ ಮೋಟಾರ್ ಜೀವಕೋಶದಲ್ಲಾ, ಅಲ್ಲಿಂದ ಹೊರಟ ನರದಲ್ಲಾ, ನರ ಬಂದು ಸ್ನಾಯುಗೆ ಸೇರೋ ಜಂಕ್ಷನ್ನಲ್ಲಾ, ಸ್ನಾಯುವಲ್ಲೇನಾ. ನಾಲ್ಕು ಜಾಗ. ಮೆದುಳಿಂದ ಬರೋ ತೊಂದರೆ ಈ ಟೆಸ್ಟಲ್ಲಿ ಕಾಣಲ್ಲ, ಮೈ ಸಡಿಲ ಇರೋ ಎಳೆ ಮಕ್ಕಳಲ್ಲಿ ಜಾಸ್ತಿ ಪಾಲು ಕಾರಣ ಮೆದುಳಲ್ಲೇ ಇರತ್ತೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅದಕ್ಕೇ "ಹೈಪೋಟೋನಿಯಾ" ಅಂತ ಒಂದೇ ಪದ ಬರೆದು ಕಳಿಸಿದಾಗ ಹೊಟ್ಟೆ ಉರಿಯೋದು, ಮಗು ಸಡಿಲ ಇದೆ ಸರಿ, ಆದ್ರೆ ಕೈಕಾಲು ಎತ್ತತ್ತಾ ಇಲ್ವಾ? ಬಲ ಇದ್ದೂ ಸಡಿಲ ಇರೋ ಮಗುನೇ ಬೇರೆ, ಬಲವೇ ಇಲ್ಲದ ಮಗುನೇ ಬೇರೆ ಅಲ್ವಾ.

ಪ್ರಶ್ನೆ ಯಾಕೆ ಬೇಕು ಅಂದ್ರೆ, ಪ್ರಶ್ನೆ ನೋಡ್ಕೊಂಡು ಟೆಸ್ಟಿನ ಆರ್ಡರ್ ಬದಲಾಗತ್ತೆ. ದೊಡ್ಡವರಾದ್ರೆ ಒಂದು ಗಂಟೆ ಹಲ್ಲು ಕಚ್ಚಿಕೊಂಡು ಮಲಗ್ತಾರೆ, ಎಲ್ಲಿಂದ ಶುರು ಮಾಡಿದ್ರೂ ಕೊನೆ ಮುಟ್ಟಬಹುದು. ಎರಡು ವರ್ಷದ ಮಗು ಮೊದಲ ಕೆಲವು ನಿಮಿಷ ಮಾತ್ರ ನಮ್ಮದು, ಆಮೇಲೆ ಏನಿದ್ರೂ ಅಳು, ಒದ್ದಾಟ, ಎಲೆಕ್ಟ್ರೋಡ್ ಕಿತ್ತು ಎಸೆಯೋದು. ಜಂಕ್ಷನ್ ರೋಗದ ಅನುಮಾನ ಅಂತ ಬರೆದಿದ್ರೆ ನಾವು ಮೊದಲೇ ರಿಪೀಟ್ ಸ್ಟಿಮ್ಯುಲೇಶನ್‌ಗೆ ಕೈ ಹಾಕ್ತೀವಿ, ಸೆಕೆಂಡಿಗೆ 2–3 ಸಲ ಹೊಡೆತ ಕೊಟ್ಟು ಅಲೆ ಸಣ್ಣ ಆಗ್ತಾ ಹೋಗತ್ತಾ ಅಂತ ನೋಡ್ತೀವಿ, ಕೈ ಅಲ್ಲಾಡಿದ್ರೆ ಈ ಟೆಸ್ಟ್ ಪೂರ್ತಿ ಹಾಳು. ಅದೇ ಬೆನ್ನುಹುರಿ ಕೋಶದ ಅನುಮಾನ ಅಂದ್ರೆ ಒಂದು ಮೋಟಾರ್ ನರ, ಒಂದು ಸೆನ್ಸರಿ (ಸ್ಪರ್ಶ ತಿಳಿಸೋ) ನರ ನೋಡಿ ನೇರ ಸೂಜಿಗೆ ಹೋಗಬಹುದು. ಏನೂ ಬರೆಯದೇ ಇದ್ರೆ ಬಲಗೈ, ಎಡಗೈ, ಬಲಗಾಲು, ಎಡಗಾಲು ಅಂತ ರೂಲ್ ಪ್ರಕಾರ ಸುತ್ತು ಹೊಡೆದು ಯಾವುದು ನಿಜವಾಗ್ಲೂ ಬೇಕಿತ್ತೋ ಅಲ್ಲಿಗೆ ಬರೋ ಹೊತ್ತಿಗೆ ಮಗು ಹತ್ತಿರ ಸೇರಿಸಲ್ಲ. ರಿಪೋರ್ಟಲ್ಲಿ "ಲಿಮಿಟೆಡ್ ಸ್ಟಡಿ, ಮಗು ಸಹಕರಿಸಲಿಲ್ಲ" ಅಂತ ಬರತ್ತೆ. ಮಗುದು ಏನ್ ತಪ್ಪು ಇದರಲ್ಲಿ?

ಇನ್ನು ನಮ್ಮ ಹತ್ರ ಕಳಿಸಲೇಬಾರದ ಮಕ್ಕಳು. ನಾಲ್ಕೈದು ವರ್ಷದ ಹುಡುಗ, ನೆಲದಿಂದ ಏಳುವಾಗ ತೊಡೆ ಮೇಲೆ ಕೈ ಊರಿ ಏಳ್ತಾನೆ, ಮೀನಖಂಡ ದಪ್ಪ, ಸಿಕೆ ಹತ್ತು ಸಾವಿರ ದಾಟಿದೆ. ಇವನಿಗೆ ಸೂಜಿ ಚುಚ್ಚಿ ನಾವು ಏನು ಹೇಳಬೇಕು? "ಮಯೋಪತಿ ಇದೆ", ಅಂದ್ರೆ ಸ್ನಾಯುವಿನ ರೋಗ ಇದೆ ಅಂತಾನಾ? ಅದು ಅವನು ಬಾಗಿಲಿಂದ ಒಳಗೆ ನಡ್ಕೊಂಡು ಬರುವಾಗಲೇ ಕಾಣತ್ತೆ. ಇಂಥ ಹುಡುಗರಲ್ಲಿ ಅನುಮಾನ ಬರೋ ಡ್ಯೂಶೆನ್ ಅನ್ನೋ ಸ್ನಾಯು ಸವೆಯೋ ರೋಗದ ಜೀನ್ ಪತ್ತೆ ಆಗಿದ್ದು 1980ರ ದಶಕದಲ್ಲಿ, ಇವತ್ತು ಮೊದಲು ಡಿಲೀಶನ್ ಡೂಪ್ಲಿಕೇಶನ್ ಟೆಸ್ಟ್ (ಜೀನಿನ ತುಂಡು ಕಳೆದಿದ್ಯಾ, ಎರಡೆರಡಾಗಿದ್ಯಾ ಅಂತ ನೋಡೋದು), ಅದರಲ್ಲಿ ಸಿಗದೇ ಇದ್ರೆ ಜೀನ್ ಪೂರ್ತಿ ಓದಿಸೋದು, ಇದು ದಾರಿ. ಸೂಜಿಗೆ ಅಲ್ಲಿ ಜಾಗವೇ ಇಲ್ಲ. (ಇದೇ ಹುಡುಗರನ್ನ ಎಎಲ್‌ಟಿ, ಎಎಸ್‌ಟಿ ಜಾಸ್ತಿ ಇದೆ ಅಂತ ಲಿವರ್ ರೋಗಕ್ಕೆ ತಿಂಗಳುಗಟ್ಟಲೆ ಅಲೆದಾಡಿಸೋದೂ ಉಂಟು, ಆ ಎನ್‌ಜೈಮ್ ಸ್ನಾಯುವಿಂದಲೂ ಬರತ್ತೆ, ಒಂದು ಸಿಕೆ ಕಳಿಸಿದ್ರೆ ಮುಗೀತು. ಅದು ಬೇರೆ ಪತ್ರದ ವಿಷಯ ಬಿಡಿ.)

ಎಸ್‌ಎಂಎ (ಬೆನ್ನುಹುರಿಯ ಮೋಟಾರ್ ಕೋಶ ಸಾಯೋ ರೋಗ) ಕಥೆನೂ ಹೆಚ್ಚುಕಮ್ಮಿ ಇದೇ. ಎಸ್‌ಎಂಎನ್1 ಜೀನ್ 1995ರಲ್ಲಿ ಸಿಕ್ತು, ಪೇಶೆಂಟುಗಳಲ್ಲಿ ಸುಮಾರು 95 ಪರ್ಸೆಂಟ್ ಜನಕ್ಕೆ ಆ ಜೀನಿನ ಏಳನೇ ಎಕ್ಸಾನ್ (ಜೀನಿನ ಒಂದು ತುಂಡು) ಎರಡೂ ಕಾಪಿಲಿ ಇರಲ್ಲ, ಒಂದು ರಕ್ತದ ಟೆಸ್ಟಲ್ಲಿ ಗೊತ್ತಾಗತ್ತೆ. ಒಂದು ಕಾಲದಲ್ಲಿ ಇಎಂಜಿ ಸ್ಲಾಟಿಗೆ ವಾರಗಟ್ಟಲೆ ಕಾದ್ರೆ ಅಂಥ ನಷ್ಟ ಏನಿರಲಿಲ್ಲ, ಯಾಕಂದ್ರೆ ಗೊತ್ತಾದ ಮೇಲೂ ಕೊಡೋಕೆ ಏನೂ ಇರಲಿಲ್ಲ. ಈಗ ಹಾಗಲ್ಲ, ಔಷಧಿಗಳಿವೆ. ನುಸಿನರ್ಸೆನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರ ಡಿಸೆಂಬರಲ್ಲಿ, ಜೀನ್ ಥೆರಪಿಗೆ 2019ರಲ್ಲಿ, ಬಾಯಿಂದ ಕೊಡೋ ರಿಸ್ಡಿಪ್ಲಾಮ್‌ಗೆ 2020ರಲ್ಲಿ. ಮೂರರಲ್ಲಿ ಯಾವುದೇ ಆದ್ರೂ ಎಷ್ಟು ಬೇಗ ಶುರುವಾದ್ರೆ ಅಷ್ಟು ಲಾಭ, ಸತ್ತ ಮೋಟಾರ್ ಕೋಶ ವಾಪಸ್ ಬರಲ್ಲ. ಹಾಗಿರುವಾಗ ನಾಲಿಗೆ ನಡುಗ್ತಿರೋ, ರಿಫ್ಲೆಕ್ಸ್ ಇಲ್ಲದ, ಹೊಟ್ಟೆಲಿ ಉಸಿರಾಡ್ತಿರೋ, ಕಣ್ಣು ಮಾತ್ರ ಚುರುಕಾಗಿರೋ ಕೂಸನ್ನ "ಮೊದಲು ಇಎಂಜಿ ಆಗಲಿ ಆಮೇಲೆ ಜೀನ್ ನೋಡೋಣ" ಅಂತ ನಮ್ಮ ಕ್ಯೂಲಿ ನಿಲ್ಲಿಸೋದು ಅನ್ಯಾಯ. ರಕ್ತ ಇವತ್ತೇ ತೆಗೀರಿ. ಡಿಲೀಶನ್ ಟೆಸ್ಟ್ ನೆಗೆಟಿವ್ ಬಂತು ಆದ್ರೂ ಮಗು ನೋಡಿದ್ರೆ ಎಸ್‌ಎಂಎ ಥರಾನೇ ಇದೆ ಅಂದ್ರೆ ಆಗ ಕಳಿಸಿ, ಒಂದು ಕಾಪಿ ಡಿಲೀಶನ್ ಇನ್ನೊಂದು ಕಾಪಿಲಿ ಸಣ್ಣ ಮ್ಯುಟೇಶನ್ ಇರೋರು ಇದ್ದಾರೆ, ಬೇರೆ ಜೀನಿಂದ ಬರೋ ಮೋಟಾರ್ ನ್ಯೂರಾನ್ ರೋಗನೂ ಇದೆ, ಅಲ್ಲಿ ಮೋಟಾರ್ ಅಲೆ ಕುಗ್ಗಿ ಸೆನ್ಸರಿ ಚೆನ್ನಾಗಿದೆ ಅನ್ನೋ ನಮ್ಮ ಒಂದು ಸಾಲಿಗೆ ಬೆಲೆ ಇದೆ.

ಹಾಗಂತ ಇತ್ತೀಚೆಗೆ ಇನ್ನೊಂದು ಮಾತು ಶುರುವಾಗಿದೆ, "ಇಎಂಜಿ ಕಾಲ ಮುಗೀತು, ಎಲ್ಲಾ ಜೀನಲ್ಲೇ ಗೊತ್ತಾಗತ್ತೆ" ಅಂತ. ಇದನ್ನ ಹೇಳೋರಿಗೆ ನನ್ನದು ಬೇರೆ ತಕರಾರು. ಮೊದಲನೇದಾಗಿ ಎಲ್ಲಾ ರೋಗ ಜೀನಿಂದ ಬಂದಿದ್ದಲ್ಲ. ಎರಡನೇದಾಗಿ ಜೀನ್ ಪ್ಯಾನಲ್ (ಒಟ್ಟಿಗೆ ಹಲವು ಜೀನ್ ನೋಡೋ ಟೆಸ್ಟ್) ಕಳಿಸಿದ್ರೆ ಎಷ್ಟೋ ಸಲ ಬರೋ ಉತ್ತರ "ಒಂದು ಬದಲಾವಣೆ ಸಿಕ್ಕಿದೆ, ಅದರ ಅರ್ಥ ಗೊತ್ತಿಲ್ಲ" ಅಂತ. ಆ ಬದಲಾವಣೆ ಜಂಕ್ಷನ್ನಿನ ಜೀನಲ್ಲಿದ್ದು ಮಗುವಿನ ಜಂಕ್ಷನ್ ನಮ್ಮ ಮೆಶೀನಲ್ಲಿ ಚೆನ್ನಾಗೇ ಕೆಲಸ ಮಾಡ್ತಿದ್ರೆ ಆ ಜೀನ್ ಮೇಲಿನ ಅನುಮಾನ ಕಮ್ಮಿ ಆಗತ್ತೆ, ಕೆಟ್ಟಿದ್ರೆ ಗಟ್ಟಿ ಆಗತ್ತೆ. ಜೀನ್ ರಿಪೋರ್ಟಿಗೆ ಸಾಕ್ಷಿ ಹೇಳೋ ಕೆಲಸ ಅಂತ ಬೇಕಾದ್ರೆ ಅನ್ನಿ, ಕೆಲಸ ಇದ್ದೇ ಇದೆ.

ಜಂಕ್ಷನ್ ವಿಷಯದಲ್ಲಿ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಮಕ್ಕಳಲ್ಲಿ ಸುಲಭವಾಗಿ ಕೈತಪ್ಪಿ ಹೋಗೋದು ಇದು, ಔಷಧಿನೂ ಇದಕ್ಕಿದೆ. ಹುಟ್ಟಿಂದಲೇ ಬರೋ ಮಯಸ್ತೀನಿಯಾ (ಜಂಕ್ಷನ್ ಬೇಗ ದಣಿಯೋ) ಗುಂಪಿನ ರೋಗಗಳು ಇದಾವಲ್ಲ, ರೆಪ್ಪೆ ಜೋತು ಬಿದ್ದಿರತ್ತೆ, ಹಾಲು ಕುಡಿಯುವಾಗ ಸುಸ್ತಾಗತ್ತೆ, ಜ್ವರ ಬಂದಾಗ ಉಸಿರು ನಿಂತ ಹಾಗಾಗತ್ತೆ, ಬೆಳಗ್ಗೆ ಇದ್ದ ಹಾಗೆ ಸಂಜೆ ಇರಲ್ಲ, ಇಂಥ ಮಕ್ಕಳು "ಕಂಜೆನೈಟಲ್ ಮಯೋಪತಿ" (ಹುಟ್ಟಿಂದ ಬಂದ ಸ್ನಾಯು ರೋಗ) ಅನ್ನೋ ಹಣೆಪಟ್ಟಿ ಹೊತ್ಕೊಂಡು ವರ್ಷಗಟ್ಟಲೆ ಓಡಾಡ್ತಿರ್ತಾರೆ. ಇದರಲ್ಲಿ ಕೆಲವು ವಿಧಕ್ಕೆ ಪಿರಿಡೋಸ್ಟಿಗ್ಮಿನ್ ಕೊಟ್ರೆ ಮಗು ಎದ್ದು ಓಡಾಡತ್ತೆ, ಡಾಕ್7 ಮತ್ತು ಕಾಲ್‌ಕ್ಯೂ ಅನ್ನೋ ಜೀನುಗಳಿಂದ ಬರೋ ವಿಧಗಳಲ್ಲಿ ಅದೇ ಮಾತ್ರೆ ಕೊಟ್ರೆ ಇನ್ನೂ ಕೆಡತ್ತೆ, ಅವಕ್ಕೆ ಸಾಲ್ಬುಟಮಾಲ್ ಅಥವಾ ಎಫೆಡ್ರಿನ್. ಅಂದ್ರೆ ಜಂಕ್ಷನ್ ಅಂತ ಮೊದಲು ಗೊತ್ತಾಗಬೇಕು, ಆಮೇಲೆ ಯಾವ ಜೀನ್ ಅಂತ. ಮಾಮೂಲಿ ಟೆಸ್ಟಲ್ಲಿ ಅಲೆ 10 ಪರ್ಸೆಂಟಿಗಿಂತ ಜಾಸ್ತಿ ಕುಗ್ಗಿದ್ರೆ ಪಾಸಿಟಿವ್ ಅಂತೀವಿ, ಆದ್ರೆ ಉಸಿರು ನಿಲ್ಲೋ ಒಂದು ವಿಧ ಇದೆ, ಅದರಲ್ಲಿ ಆರಾಮಾಗಿರುವಾಗ ಏನೂ ಕುಗ್ಗಲ್ಲ, ಸೆಕೆಂಡಿಗೆ 10ರ ಹಾಗೆ ಕೆಲವು ನಿಮಿಷ ಹೊಡೆದು ಜಂಕ್ಷನ್ನನ್ನ ದಣಿಸಿದ ಮೇಲೇ ಕಾಣೋದು. ಎಚ್ಚರ ಇರೋ ಮಗುಗೆ ಅದನ್ನ ಮಾಡೋಕಾಗಲ್ಲ, ಅನೆಸ್ತೀಸಿಯಾ ವ್ಯವಸ್ಥೆ ಮೊದಲೇ ಆಗಿರಬೇಕು. ಚೀಟಿಲಿ "ಪದೇಪದೇ ಉಸಿರು ನಿಂತಿದೆ" ಅಂತ ಒಂದು ಸಾಲು ಇದ್ರೆ ನಮ್ಮ ಡಾಕ್ಟರಿಗೆ ತಲೆಗೆ ಹೊಳೆಯತ್ತೆ, ಇಲ್ಲಾಂದ್ರೆ ಯಾರಿಗೆ ಕನಸು ಬೀಳತ್ತೆ?

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಲಿ ಮ್ಯಾಥ್ಯೂ ಪಿಟ್ ಅನ್ನೋ ಡಾಕ್ಟರು ಕಣ್ಣಿನ ಸುತ್ತ ಇರೋ ಸ್ನಾಯುಗೆ ಮಾಮೂಲಿ ಕಾನ್ಸೆಂಟ್ರಿಕ್ ಸೂಜಿ ಇಟ್ಟು ಮುಖದ ನರಕ್ಕೆ ಸಣ್ಣ ಹೊಡೆತ ಕೊಟ್ಟು ಜಿಟರ್ (ಜಂಕ್ಷನ್ ದಾಟೋ ಹೊತ್ತಲ್ಲಿ ಸಲದಿಂದ ಸಲಕ್ಕೆ ಬರೋ ಸಣ್ಣ ಏರುಪೇರು) ಅಳೆಯೋ ವಿಧಾನನ ಮಕ್ಕಳಿಗೆ ಹೊಂದಿಸಿದ್ರು. ಮಗು ಹೇಳಿದ ಹಾಗೆ ಕೇಳಬೇಕು, ಅರ್ಧ ಕಣ್ಣು ಮುಚ್ಚಿ ಹಿಡ್ಕೊಬೇಕು ಅನ್ನೋದೇನೂ ಇಲ್ಲ ಅದರಲ್ಲಿ. ಇದನ್ನ ಯಾಕೆ ಹೇಳ್ದೆ ಅಂದ್ರೆ "ಚಿಕ್ಕ ಮಕ್ಕಳಲ್ಲಿ ಸಿಂಗಲ್ ಫೈಬರ್ (ಜಿಟರ್ ಟೆಸ್ಟ್) ಆಗಲ್ಲ" ಅನ್ನೋ ಹಳೇ ರಾಗ ಈಗಲೂ ಕೇಳಿಸ್ತಿರತ್ತೆ. ಆಗತ್ತೆ, ಕಲಿತಿರಬೇಕು ಅಷ್ಟೆ.

ಅರ್ಜೆಂಟಾಗಿ ಫೋನ್ ಮಾಡಬೇಕಾದ್ದು ಬೇರೆ ಇದೆ. ಒಂದು ವರ್ಷದೊಳಗಿನ ಕೂಸು, ಮೊದಲು ಮಲಬದ್ಧತೆ, ಆಮೇಲೆ ಅಳೋ ಸದ್ದು ಸಣ್ಣಗಾಯ್ತು, ರೆಪ್ಪೆ ಬಿತ್ತು, ಹಾಲು ನುಂಗ್ತಿಲ್ಲ, ಪಾಪೆಗೆ ಬೆಳಕು ಬಿಟ್ರೆ ನಿಧಾನ. ಇದು ಶಿಶು ಬೊಟುಲಿಸಂ ಇರಬಹುದು, ಕರುಳಲ್ಲಿ ಬೆಳೆದ ಬ್ಯಾಕ್ಟೀರಿಯಾದ ವಿಷ ಜಂಕ್ಷನ್ನನ್ನ ಕಟ್ಟಿಹಾಕೋ ರೋಗ. ವೈದ್ಯಲೋಕ ಇದನ್ನ ಗುರುತಿಸಿದ್ದೇ 1976ರಲ್ಲಿ, ಒಂದು ವರ್ಷ ತುಂಬೋವರೆಗೂ ಜೇನುತುಪ್ಪ ನೆಕ್ಕಿಸಬೇಡಿ ಅಂತ ಎಲ್ಲಾ ಕಡೆ ಹೇಳೋದು ಇದಕ್ಕೇ. ಮಲದಲ್ಲಿ ಟಾಕ್ಸಿನ್ ಟೆಸ್ಟ್ ಬರೋಕೆ ದಿನಗಳು ಹಿಡಿಯತ್ತೆ, ನಮ್ಮ ಮೆಶೀನು ಅದೇ ದಿನ ಸುಳಿವು ಕೊಡಬಹುದು: ಮೋಟಾರ್ ಅಲೆ ಚಿಕ್ಕದು, ಸೆನ್ಸರಿ ಸರಿಯಾಗಿದೆ, ಸೆಕೆಂಡಿಗೆ 20ರಿಂದ 50ರ ವೇಗದಲ್ಲಿ ಹೊಡೆದ್ರೆ ಅಲೆ ದೊಡ್ಡದಾಗತ್ತೆ. ಪ್ರತಿ ಕೂಸಲ್ಲೂ ದೊಡ್ಡದಾಗಲ್ಲ, ಅದಕ್ಕೆ ನಮ್ಮ ರಿಪೋರ್ಟಿಗಾಗಿ ಆಂಟಿಟಾಕ್ಸಿನ್ (ಆ ವಿಷಕ್ಕೆ ಮದ್ದು) ತಡೆಹಿಡಿಬೇಡಿ. ಮತ್ತೆ ಆ ಕೂಸಿಗೆ ಜೆಂಟಮೈಸಿನ್ ಆಂಟಿಬಯೋಟಿಕ್ ಹೋಗ್ತಿದ್ರೆ ಒಂದು ಸಲ ಯೋಚಿಸಿ, ಆ ಔಷಧಿನೇ ಜಂಕ್ಷನ್ನನ್ನ ಇನ್ನೂ ಸೋಲಿಸತ್ತೆ. ಇದೆಲ್ಲ ನಾನು ಹೇಳಬೇಕಾದ್ದಲ್ಲ, ಗೊತ್ತು, ಆದ್ರೂ.

ಗಿಯಾನ್ ಬಾರೆಗೆ (ದಿಢೀರಂತ ನರ ಸೋತು ಕೈಕಾಲಿನ ಬಲ ಹೋಗೋ ರೋಗಕ್ಕೆ) ಉಲ್ಟಾ ತೊಂದರೆ, ತುಂಬಾ ಬೇಗ ಕಳಿಸ್ತೀರಿ. ಕಾಲು ಬಿದ್ದು ಎರಡನೇ ದಿನಕ್ಕೇ ನರದ ಟೆಸ್ಟ್ ಮಾಡಿಸಿ ನಾರ್ಮಲ್ ಬಂತು ಅಂತ ರೋಗನೇ ಇಲ್ಲ ಅನ್ನೋ ಹಾಗಿಲ್ಲ, ಮೊದಲ ವಾರದಲ್ಲಿ ಎಫ್ ವೇವ್ (ಬೆನ್ನುಹುರಿವರೆಗೆ ಹೋಗಿ ವಾಪಸ್ ಬರೋ ಅಲೆ) ಮಾತ್ರ ಹೋಗಿದ್ದು ಬೇರೆ ಎಲ್ಲಾ ಚೆನ್ನಾಗಿ ಕಾಣಬಹುದು, ಒಂದೆರಡು ವಾರ ಬಿಟ್ಟು ಮತ್ತೆ ಮಾಡಬೇಕಾಗತ್ತೆ. ಟ್ರೀಟ್‌ಮೆಂಟ್ ಶುರು ಮಾಡೋ ತೀರ್ಮಾನ ಮಗುನ ನೋಡಿ ಆಗಬೇಕು, ನಮ್ಮನ್ನ ನೋಡಿ ಅಲ್ಲ.

ಹೆರಿಗೆಲಿ ಭುಜದ ನರ ಎಳೆದು ಕೈ ಜೋತು ಬಿದ್ದ ಕೂಸುಗಳ ವಿಷಯ ಬಂದಾಗ ಚೀಟಿಲಿ ಪ್ರಶ್ನೆ ಇಲ್ದೇ ಇದ್ರೆ ನಮ್ಮ ಟೆಸ್ಟ್ ದಾರಿ ತಪ್ಪಿಸತ್ತೆ ಅಂತಲೇ ಹೇಳ್ತೀನಿ. ಮೂರು ತಿಂಗಳ ಕೂಸು ಮೊಣಕೈ ಮಡಚ್ತಾ ಇಲ್ಲ, ಆದ್ರೆ ಬೈಸೆಪ್ಸಲ್ಲಿ ಸೂಜಿ ಇಟ್ರೆ ಮೋಟಾರ್ ಯೂನಿಟ್ (ನರದ ಅಪ್ಪಣೆಗೆ ಸ್ನಾಯು ಕೊಡೋ ಸದ್ದು) ಕೇಳತ್ತೆ, ರಿಪೋರ್ಟ್ ಓದಿದೋರು "ಚೇತರಿಸ್ತಿದೆ, ಕಾಯೋಣ" ಅಂತಾರೆ, ಕೈ ಮಾತ್ರ ಮೇಲೇಳಲ್ಲ. ಎಳೆ ಮಕ್ಕಳಲ್ಲಿ ಸೂಜಿ ಆಶಾವಾದಿ. ಅದರ ಬದಲು "ನರದ ಬೇರು ಬೆನ್ನುಹುರಿಯಿಂದಲೇ ಕಿತ್ತು ಬಂದಿದ್ಯಾ" ಅಂತ ಬರೀರಿ. ಅದಕ್ಕೆ ನಾವು ಒಳ್ಳೇ ಉತ್ತರ ಕೊಡಬಹುದು, ಯಾಕಂದ್ರೆ ಸೆನ್ಸರಿ ನರದ ಕೋಶ ಇರೋದು ಬೆನ್ನುಹುರಿಯ ಹೊರಗೆ, ಬೇರು ಕಿತ್ತಿದ್ರೆ ಮಗುಗೆ ಸ್ಪರ್ಶ ಗೊತ್ತಾಗ್ದೇ ಇದ್ರೂ ನಮ್ಮ ಸ್ಕ್ರೀನಲ್ಲಿ ಸೆನ್ಸರಿ ಅಲೆ ಚೆನ್ನಾಗೇ ಬರತ್ತೆ, ಮೋಟಾರ್ ಮಾತ್ರ ಇರಲ್ಲ. ಸರ್ಜನ್‌ಗೆ ಬೇಕಾಗಿರೋದು ಅದೇ.

ಇನ್ನೊಂದು ಅಪರೂಪದ್ದು ಹೇಳಿಬಿಡ್ತೀನಿ: ಕಿವಿ ಕೇಳಿಸ್ತಿಲ್ಲ, ನುಂಗೋಕೆ ಕಷ್ಟ, ಕೈ ಬಲ ಹೋಗ್ತಿದೆ, ಉಸಿರಾಟ ಸಣ್ಣಗಾಗ್ತಿದೆ, ಇಂಥ ಮಗುಲಿ ರೈಬೋಫ್ಲೇವಿನ್ ಸಾಗಿಸೋ ಜೀನ್ ಕೆಟ್ಟಿರಬಹುದು, ದೊಡ್ಡ ಡೋಸಲ್ಲಿ ಆ ವಿಟಮಿನ್ನೇ ಔಷಧಿ. ನಾಲಿಗೆ, ಮುಖದ ಸ್ನಾಯುಲಿ ನರ ಕಳ್ಕೊಂಡ ಗುರುತು ಸಿಗತ್ತಾ ನೋಡಿ ಅಂತ ಬರೆದ್ರೆ ನೋಡ್ತೀವಿ. ಹೃದಯ ದಪ್ಪ ಆಗಿರೋ ಸಡಿಲ ಕೂಸಿಗೆ ಬೆನ್ನಿನ ಸ್ನಾಯುಲಿ ಸೂಜಿ ಇಟ್ಟಾಗ ಮಯೋಟೋನಿಕ್ ಸದ್ದು (ಸ್ನಾಯು ತಾನಾಗೇ ಹೊರಡಿಸೋ ಏರಿಳಿತದ ಸದ್ದು) ಬಂದ್ರೆ ಪಾಂಪೆ (ಒಂದು ಎನ್‌ಜೈಮ್ ಕೊರತೆಯ ರೋಗ) ನೆನಪಾಗಬೇಕು, 2006ರಿಂದ ಅದಕ್ಕೆ ಎನ್‌ಜೈಮ್ ಇದೆ. ಆದ್ರೆ ಹೃದಯ ದಪ್ಪ ಇದೆ ಅಂತ ನಮಗೆ ಯಾರು ಹೇಳಬೇಕು? ಎಕೋ ರಿಪೋರ್ಟ್ ನಿಮ್ಮ ಫೈಲಲ್ಲಿ ಕೂತಿರತ್ತೆ. ಎನ್‌ಜೈಮ್ ಟೆಸ್ಟಿಗೆ ರಕ್ತ ಕಳಿಸೋಕಂತೂ ನಮ್ಮ ಸೂಜಿಗೆ ಕಾಯೋದೇ ಬೇಡ.

ಈಗ ರಿಪೋರ್ಟಿಗೆ ಸಹಿ ಹಾಕೋ ಹಿರಿಯರ ಕಡೆ ತಿರುಗ್ತೀನಿ. ಸಾರ್, ಮೇಡಂ, ತಿಂಗಳು ತುಂಬಿ ಹುಟ್ಟಿದ ಕೂಸಿನ ನರದ ವೇಗ ದೊಡ್ಡವರ ಅರ್ಧ ಇರತ್ತೆ. ದೊಡ್ಡವರ ಕೈಲಿ ಸೆಕೆಂಡಿಗೆ 50 ಮೀಟರಿಗಿಂತ ಜಾಸ್ತಿ ಇದ್ರೆ ಕೂಸಲ್ಲಿ 25–30ರ ಆಸುಪಾಸು, ತಿಂಗಳಿಗೆ ಮೊದಲೇ ಹುಟ್ಟಿದ್ರೆ ಇನ್ನೂ ಕಮ್ಮಿ. ನರದ ಮೇಲೆ ಮಯಲಿನ್ ಹೊದಿಕೆ ಕೂತ್ಕೊಳ್ತಾ ಕೂತ್ಕೊಳ್ತಾ ಮೂರರಿಂದ ಐದು ವರ್ಷದ ಹೊತ್ತಿಗೆ ದೊಡ್ಡವರ ಮಟ್ಟ ಮುಟ್ಟತ್ತೆ. ಮೆಶೀನಿನ ಸಾಫ್ಟ್‌ವೇರು ದೊಡ್ಡವರ ಅಂಕಿ ಇಟ್ಕೊಂಡು ಎಲ್ಲದಕ್ಕೂ ಕೆಂಪು ಬಣ್ಣ ಬಳಿಯತ್ತೆ, ಅದನ್ನ ನೋಡಿ ಆರು ವಾರದ ಕೂಸಿಗೆ "ತೀವ್ರ ಡಿಮಯಲಿನೇಟಿಂಗ್ ನ್ಯೂರೋಪತಿ" (ನರದ ಹೊದಿಕೆ ಹಾಳಾಗೋ ರೋಗ) ಅಂತ ಬರೆದು ಕಳಿಸಿದ್ರೆ ಆ ಅಪ್ಪ ಅಮ್ಮ ಆ ರಾತ್ರಿ ಹೇಗೆ ನಿದ್ದೆ ಮಾಡ್ತಾರೆ? ಸೂಜಿಲೂ ಹಾಗೇ, ಎಳೆ ಮಕ್ಕಳ ಮೋಟಾರ್ ಯೂನಿಟ್ ಸ್ವಭಾವದಲ್ಲೇ ಸಣ್ಣದು, ಗಿಡ್ಡ, ದೊಡ್ಡವರ ಕಣ್ಣಲ್ಲಿ ನೋಡಿದ್ರೆ ಎಲ್ಲಾ ಕೂಸೂ ಮಯೋಪತಿ ಥರ ಕಾಣತ್ತೆ. ನರದ ತೊಂದರೆನ ಇಎಂಜಿ ಚೆನ್ನಾಗಿ ಹಿಡಿಯತ್ತೆ, ಎರಡು ವರ್ಷದೊಳಗೆ ಸ್ನಾಯುವಿನ ತೊಂದರೆನ ಹಿಡಿಯೋದ್ರಲ್ಲಿ ಅಷ್ಟು ನಂಬಿಕಸ್ತ ಅಲ್ಲ, ನಾರ್ಮಲ್ ಬಂದ್ರೂ ಮಯೋಪತಿ ಇರಬಹುದು. ಇದನ್ನ ರಿಪೋರ್ಟಿನ ಕೊನೇಲಿ ಒಂದು ಸಾಲು ಬರೆದ್ರೆ ಯಾರ ಗಂಟೂ ಹೋಗಲ್ಲ.

ತಣ್ಣನೆ ಕಾಲು ಇನ್ನೊಂದು ಶತ್ರು. ಚರ್ಮ ಒಂದು ಡಿಗ್ರಿ ತಣ್ಣಗಾದ್ರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಬೀಳತ್ತೆ, 32 ಡಿಗ್ರಿ ಮೇಲೆ ಇಟ್ಕೊಂಡು ಮಾಡಬೇಕು. ಜಂಕ್ಷನ್ ಟೆಸ್ಟಲ್ಲಂತೂ ತಣ್ಣನೆ ಕೈ ರೋಗನೇ ಮುಚ್ಚಿ ಹಾಕತ್ತೆ, ತಂಪಲ್ಲಿ ಜಂಕ್ಷನ್ ಚೆನ್ನಾಗಿ ಕೆಲಸ ಮಾಡತ್ತೆ. ಏಸಿ ರೂಮಲ್ಲಿ ಡೈಪರ್ ಒಂದರಲ್ಲೇ ಅರ್ಧ ಗಂಟೆ ಕಾಯಿಸಿ ಒಳಗೆ ತಂದ ಕೂಸನ್ನ ನಾನು ಮೊದಲು ಬಿಸಿ ಮಾಡ್ತೀನಿ, "ಇನ್ನೂ ಶುರು ಆಗಿಲ್ವಾ" ಅಂತ ಬಾಗಿಲು ತಟ್ಟಬೇಡಿ. ಅಳತೆನೂ ಅಷ್ಟೆ, ಕೂಸಿನ ಮೊಣಕೈಯಿಂದ ಮಣಿಕಟ್ಟಿಗೆ ಇರೋ ದೂರವೇ ಅಷ್ಟು, 8 ಸೆಂಟಿಮೀಟರ್ ಅಂದ್ಕೊಳ್ಳಿ, ಅದರಲ್ಲಿ ಟೇಪು ಒಂದು ಸೆಂಟಿಮೀಟರ್ ಆಚೀಚೆ ಆದ್ರೆ ವೇಗದಲ್ಲಿ 12.5 ಪರ್ಸೆಂಟ್ ತಪ್ಪು ಬಂತು. ಮಗು ಒದೀತಾ ಇರುವಾಗ ಅಳೆದು ನೋಡಿ ಒಂದು ಸಲ.

ಕೆಲವು ಸಲ ಮಗುಗೆ ಟೆಸ್ಟೇ ಬೇಡ, ಪಕ್ಕದಲ್ಲಿ ಕೂತಿರೋರಿಗೆ ಬೇಕು. ಹುಟ್ಟಿದಾಗಲೇ ತೀರಾ ಸಡಿಲ, ಬಾಯಿ ಡೇರೆ ಥರ ತೆರೆದಿರೋ ಕೂಸಲ್ಲಿ ಮಯೋಟೋನಿಕ್ ಡಿಸ್ಟ್ರಫಿ (ಬಿಗಿಯಾದ ಸ್ನಾಯು ಬೇಗ ಸಡಿಲಾಗದ, ಕೂಸಿಗೆ ಹೆಚ್ಚಾಗಿ ಅಮ್ಮನಿಂದ ಬರೋ ರೋಗ) ಅನುಮಾನ ಇದ್ರೆ ಕೂಸಿನ ಸ್ನಾಯುಲಿ ಆ ಮಯೋಟೋನಿಕ್ ಸದ್ದು ಸಾಮಾನ್ಯವಾಗಿ ಸಿಗೋದೇ ಇಲ್ಲ, ಅದು ವಯಸ್ಸಾಗ್ತಾ ಬರೋದು. ಅಮ್ಮನ ಕೈ ಕುಲುಕಿ ನೋಡಿ, ಹಿಡಿದ ಕೈ ತಟ್ಟನೆ ಬಿಡೋಕಾಗತ್ತಾ ಅಂತ. ಬೇಕಿದ್ರೆ ಅಮ್ಮನಿಗೆ ಸೂಜಿ ಹಾಕ್ತೀವಿ, ಆಮೇಲೆ ಜೀನ್ ಟೆಸ್ಟ್. ಹಾಗೇ ಓಡುವಾಗ ಎಡವೋ, ಪಾದದ ಕಮಾನು ಎತ್ತರ ಇರೋ ಮಗುನ ಶಾರ್ಕೋ ಮೇರಿ ಟೂತ್ (ಮನೆತನದಲ್ಲಿ ಬರೋ ನರದ ರೋಗ) ಅಂತ ಕಳಿಸುವಾಗ ಅಪ್ಪನ ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ರಾ? ಅಪ್ಪನ ಒಂದು ಕೈಯ ವೇಗ ಅಳೆದು ಸೆಕೆಂಡಿಗೆ 38 ಮೀಟರಿಗಿಂತ ಕಮ್ಮಿ ಇದ್ರೆ ಮನೆತನದ ಕಥೆ ಅಲ್ಲೇ ತೆರ್ಕೊಳ್ಳತ್ತೆ, ದೊಡ್ಡ ಗಂಡಸು ಶಾಕ್ ತಡ್ಕೊಳ್ತಾನೆ. (ತಡ್ಕೊಳ್ತಾನೆ ಅಂತ ಅನ್ಕೊಂಡಿರ್ತೀವಿ, ಮಗುಗಿಂತ ಜೋರಾಗಿ ಕಿರುಚಿದ ಅಪ್ಪಂದಿರನ್ನೂ ನೋಡಿದ್ದೀನಿ.)

ನೋವಿನ ಮಾತು. ನೋವಾಗತ್ತೆ. ಎಲ್ಲಾ ಮಕ್ಕಳಿಗೂ ಒಂದೇ ಥರ ಅಲ್ಲ, ರಕ್ತ ತೆಗೆಯೋಕಿಂತ ಪರವಾಗಿಲ್ಲ ಅನ್ನೋರೂ ಇದ್ದಾರೆ, ಆದ್ರೆ "ಏನೂ ಆಗಲ್ಲ ಪುಟ್ಟಾ" ಅಂತ ಹೇಳಿ ಕಳಿಸಬೇಡಿ ದಯವಿಟ್ಟು, ಮೊದಲ ಹೊಡೆತಕ್ಕೇ ಆ ಸುಳ್ಳು ಬಯಲಾಗಿ ಆಮೇಲೆ ರೂಮಲ್ಲಿರೋ ಯಾರನ್ನೂ ಮಗು ನಂಬಲ್ಲ. "ಶಾಕ್" ಅನ್ನೋ ಪದ ಬೇಡ, "ಟಕ್ ಅಂತ ತಟ್ಟತ್ತೆ, ಕೈ ತಾನೇ ಹಾರತ್ತೆ" ಅಂದ್ರೆ ಸಾಕು. ಮರಗಟ್ಟಿಸೋ ಕ್ರೀಮನ್ನ ಸೂಜಿ ಜಾಗಕ್ಕೆ ಒಂದು ಗಂಟೆ ಮೊದಲೇ ಹಚ್ಚಬೇಕು, ಲ್ಯಾಬಿಗೆ ಬಂದ ಮೇಲೆ ಹಚ್ಚಿದ್ರೆ ಪ್ರಯೋಜನ ಇಲ್ಲ, ಯಾವ ಸ್ನಾಯು ಅಂತ ಗೊತ್ತಿದ್ರೆ ತಾನೇ ಹಚ್ಚೋದು, ನೋಡಿ ಮತ್ತೆ ಅದೇ ಪ್ರಶ್ನೆಗೆ ಬಂದ್ವಿ. ಅದೂ ಚರ್ಮದ ನೋವಿಗೆ ಮಾತ್ರ, ಸ್ನಾಯು ಒಳಗಿನ ನೋವಿಗಲ್ಲ, ತೀರಾ ಎಳೆ ಕೂಸಿಗೆ ಎಷ್ಟು ಹಚ್ಚಬಹುದು ಅನ್ನೋಕೆ ಮಿತಿ ಬೇರೆ ಇದೆ. ಕೂಸು ಅಮ್ಮನ ಮಡಿಲಲ್ಲೇ ಇರಲಿ, ಸಣ್ಣ ಕೂಸಿಗೆ ಸಕ್ಕರೆ ನೀರು, ಹಾಲು. ಐದಾರು ವರ್ಷದ ಮಕ್ಕಳಿಗೆ ಸ್ಪೀಕರ್ ಸದ್ದು ಜಾಸ್ತಿ ಮಾಡಿ "ಇದು ನಿನ್ನ ಕಾಲು ಮಾತಾಡ್ತಿರೋದು, ಪಾದ ಎತ್ತು ಜೋರಾಗತ್ತೆ, ಬಿಡು ಸುಮ್ನಾಗತ್ತೆ" ಅಂದ್ರೆ ಕೆಲವರು ನೋವೇ ಮರೆತು ಆಟ ಆಡ್ತಾರೆ. ನಿದ್ದೆ ಔಷಧಿ ಕೊಟ್ಟು ಮಾಡಿ ಅಂತ ಸುಲಭವಾಗಿ ಬರೀತೀರಿ, ನರದ ಟೆಸ್ಟಿಗೆ ಸರಿ, ಆದ್ರೆ ಗಾಢವಾಗಿ ಮಲಗಿರೋ ಮಗು ಸ್ನಾಯು ಬಿಗಿ ಮಾಡಲ್ಲ, ಅರ್ಧ ಸೂಜಿ ಟೆಸ್ಟ್ ಅಲ್ಲೇ ಹೋಯ್ತು. ಎಚ್ಚರ ಇರೋ ಕೂಸಿಗೆ ಅಂಗಾಲು ಕೆರೆದ್ರೆ ಕಾಲು ಎಳ್ಕೊಳ್ಳತ್ತೆ, ಮಂಡಿ ಕೆಳಗೆ ಕಾಲಿನ ಮುಂಭಾಗದ ಸ್ನಾಯುಲಿ ಬೇಕಾದ್ದು ಸಿಗತ್ತೆ, ಎಷ್ಟೋ ಸಲ ಒಂದೆರಡು ಸ್ನಾಯುಲೇ ಉತ್ತರ ಬಂದ್ಬಿಡತ್ತೆ. ಉತ್ತರ ಬಂದ ಮೇಲೂ "ಚೀಟಿಲಿ ನಾಲ್ಕು ಕೈಕಾಲು ಅಂತಿದೆ" ಅಂತ ಮುಂದುವರಿಸಬೇಕಾ?

ಐಸಿಯುಗೆ ಮೆಶೀನ್ ತಳ್ಕೊಂಡು ಬರೋ ಮುಂಚೆ ಕೆಲವು ಕೋರಿಕೆ. ಒಂದು ಕೈ ಒಂದು ಕಾಲು ನಮಗೆ ಬಿಟ್ಟಿರಿ, ನಾಲ್ಕು ಕಡೆನೂ ಕ್ಯಾನುಲಾ ಹಾಕಿ ಪ್ಲಾಸ್ಟರ್ ಸುತ್ತಿದ್ರೆ ಎಲೆಕ್ಟ್ರೋಡ್ ಎಲ್ಲಿ ಇಡೋದು. ವೆಂಟಿಲೇಟರಿಗೆ ಹಾಕುವಾಗ ಸ್ನಾಯು ಸಡಿಲಿಸೋ ಔಷಧಿ ಕೊಟ್ಟಿದ್ರೆ ಕೊನೇ ಡೋಸ್ ಯಾವಾಗ ಅಂತ ಹೇಳಿ, ಇಲ್ಲಾಂದ್ರೆ ನಾವು ಔಷಧಿನೇ ರೋಗ ಅಂತ ಬರೀತೀವಿ. ಪ್ಲೇಟ್‌ಲೆಟ್ ಕಮ್ಮಿ ಇದ್ರೆ, ಹಿಮೋಫಿಲಿಯಾ ಇದ್ರೆ ಸೂಜಿ ಇಡೋಕೆ ಮುಂಚೆ ಹೇಳಿ, ಇಟ್ಟ ಮೇಲಲ್ಲ. ಸಿಕೆ ಕಳಿಸೋದಿದ್ರೆ ನಮ್ಮ ಸೂಜಿಗೆ ಮೊದಲೇ ರಕ್ತ ತೆಗೀರಿ, ಚುಚ್ಚಿದ ಮೇಲೆ ಅದು ಸ್ವಲ್ಪ ಏರತ್ತೆ. ಬಯಾಪ್ಸಿ ಆಗೋ ಸಾಧ್ಯತೆ ಇದೆಯಾ ಅಂತಲೂ ತಿಳಿಸಿ, ನಾವು ಒಂದೇ ಪಕ್ಕ ಚುಚ್ಚಿ ಇನ್ನೊಂದು ಪಕ್ಕ ಮುಟ್ಟದೇ ಬಿಡ್ತೀವಿ, ಸೂಜಿ ಹೋದ ಜಾಗದಲ್ಲಿ ಸ್ನಾಯು ತೆಗೆದ್ರೆ ಮೈಕ್ರೋಸ್ಕೋಪಲ್ಲಿ ನಮ್ಮ ಚುಚ್ಚಿದ ಗಾಯನೇ ರೋಗ ಥರ ಕಾಣತ್ತೆ.

ಕೊನೇದಾಗಿ ಒಂದು ಬೇಡಿಕೆ, ಇದನ್ನ ಯಾರೂ ಕೇಳಿರಲ್ಲ ಅನ್ಸತ್ತೆ. ನಮ್ಮ ರಿಪೋರ್ಟ್ ನಿಮ್ಮ ಕೈ ಸೇರಿದ ಮೇಲೆ ಆ ಮಗು ಏನಾಯ್ತು ಅಂತ ನಮಗೆ ಗೊತ್ತಾಗೋ ದಾರಿನೇ ಇಲ್ಲ. ಜೀನ್ ರಿಪೋರ್ಟು ತಿಂಗಳುಗಳು ಕಳೆದು ಬರತ್ತೆ, ನಿಮ್ಮ ಫೈಲಿಗೆ ಹೋಗತ್ತೆ. ಜಂಕ್ಷನ್ ಅಂತ ನಾವು ಬರೆದಿದ್ದು ನಿಜವಾಯ್ತಾ, ನಾರ್ಮಲ್ ಅಂತ ಬಿಟ್ಟಿದ್ದ ಮಗುಲಿ ಮಯೋಪತಿ ಜೀನ್ ಸಿಕ್ತಾ, ಒಂದೂ ಗೊತ್ತಿಲ್ದೇ ಮುಂದಿನ ಮಗುಗೆ ಅದೇ ಥರ ರಿಪೋರ್ಟ್ ಬರೀತಾ ಹೋಗ್ತೀವಿ. ಫೈನಲ್ ಡಯಾಗ್ನಸಿಸ್ ಒಂದು ಸಾಲು, ನಮ್ಮ ಸ್ಟಡಿ ನಂಬರ್ ಹಾಕಿ, ಹೆಸರೂ ಬೇಡ, ಲ್ಯಾಬಿಗೆ ವಾಪಸ್ ಕಳಿಸಿ. ನಮ್ಮ ಡಾಕ್ಟರು ಹಳೇ ಟ್ರೇಸ್ ತೆಗೆದು ಅದರ ಪಕ್ಕ ಇಟ್ಟು ನೋಡ್ತಾರೆ, ನೋಡ್ತಾರಾ ಇಲ್ವಾ ಅಂತ ನಾನು ಬೆನ್ನು ಬೀಳ್ತೀನಿ, ಆ ಜವಾಬ್ದಾರಿ ನಂದು.

ಇಂತಿ,
ಒಬ್ಬ ಇಎಂಜಿ ಟೆಕ್ನಿಷಿಯನ್